ಮುಪ್ಪಿನ ಪಾಲು: ತೆರಿಗೆ, ವಂತಿಗೆ ಹಾಗೂ ವೃದ್ಧರ ಪೋಷಣೆಯನ್ನು ಕುರಿತ ಜನಪದ ಮನೋಧರ್ಮ

ಮುಪ್ಪು ಮತ್ತು ರೋಗ ಇವೆರಡೂ ಮನುಷ್ಯನ ದುಡಿಮೆಯ ಶಕ್ತಿಯನ್ನು ಕಸಿದುಕೊಳ್ಳುವ ಸ್ಥಿತಿಗಳು. ದುಡಿಯಲಾರದವನಿಗೆ ಅನ್ನವನ್ನು ಯಾರು ಕೊಡಬೇಕು, ಯಾವ ಹಕ್ಕಿನಿಂದ ಅವನು ಅದನ್ನು ಪಡೆಯಬೇಕು ಎಂಬ ಪ್ರಶ್ನೆಯನ್ನು ಪ್ರತಿಯೊಂದು ಸಮಾಜವೂ ತನ್ನದೇ ಆದ ರೀತಿಯಲ್ಲಿ ಬಿಡಿಸಿಕೊಂಡಿದೆ. ಆಧುನಿಕ ಪ್ರಭುತ್ವ ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರ ತೆರಿಗೆ. ಎಲ್ಲರಿಂದ ಹಣವನ್ನು ಪಡೆದು ವೃದ್ಧರಿಗೆ ವೇತನವಾಗಿ, ರೋಗಿಗಳಿಗೆ ಚಿಕಿತ್ಸೆಯಾಗಿ ಹಂಚುವುದು ಅದರ ಕ್ರಮ. ಈ ಏರ್ಪಾಡಿನ ಆರ್ಥಿಕ ಮುಖವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆದರೆ ಜನ ಅದನ್ನು ಹೇಗೆ ಗ್ರಹಿಸಿದ್ದಾರೆ, ಯಾವ ಹಳೆಯ ಪರಿಕಲ್ಪನೆಗಳ ಮೂಲಕ ಅದನ್ನು ಒಪ್ಪುತ್ತಾರೆ ಅಥವಾ ಅನುಮಾನಿಸುತ್ತಾರೆ ಎಂಬುದನ್ನು ಜಾನಪದದ ನೆಲೆಯಿಂದ ನೋಡಿದ ಪ್ರಯತ್ನಗಳು ವಿರಳ. ಕನ್ನಡ ನಾಡಿನ ಭಾಷಾ ಬಳಕೆ, ಕಥೆ, ಗಾದೆ ಮತ್ತು ಗ್ರಾಮ ವ್ಯವಸ್ಥೆಗಳನ್ನು ಆಧರಿಸಿ ಆ ಮನೋಧರ್ಮವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನೇ ಗಮನಿಸಬಹುದು. ‘ತೆರಿಗೆ’ ಎಂಬುದು ‘ತೆರು’ ಎಂಬ ಧಾತುವಿನಿಂದ ಬಂದುದು. ಕನ್ನಡದಲ್ಲಿ ದಂಡ ತೆರುತ್ತಾರೆ, ಬೆಲೆ ತೆರುತ್ತಾರೆ, ಪ್ರಾಣ ತೆರುತ್ತಾರೆ. ಸಂತೋಷಕ್ಕೆ ಕೊಡುವುದನ್ನು ಯಾರೂ ‘ತೆತ್ತೆ’ ಎನ್ನುವುದಿಲ್ಲ. ಹೆಣ್ಣಿನ ಮನೆಗೆ ಗಂಡಿನ ಕಡೆಯವರು ಕೊಡುತ್ತಿದ್ದ ಹಣಕ್ಕೂ ‘ತೆರ’ ಎಂಬ ಹೆಸರಿತ್ತು. ಕೊಡದೆ ವಿಧಿಯಿಲ್ಲದ, ಕೊಟ್ಟ ಮೇಲೆ ಕೈಬಿಟ್ಟುಹೋಗುವ ಹಣದ ಭಾವ ಈ ಧಾತುವಿನ ಸುತ್ತ ಕವಿದಿದೆ. ಶಾಸನಗಳಲ್ಲಿ ಕಾಣುವ ಮನೆದೆರೆ, ಮಗ್ಗದೆರೆ, ಗಾಣದೆರೆ ಮೊದಲಾದ ಹೆಸರುಗಳು ದುಡಿಯುವವನ ಬಾಗಿಲಿಗೇ ಬಂದು ನಿಲ್ಲುವ ಪ್ರಭುತ್ವದ ಕೈಯನ್ನು ನೆನಪಿಸುತ್ತವೆ. ೧೮೩೦-೩೧ರ ನಗರ ದಂಗೆಯ ಹಿಂದೆಯೂ, ೧೯೩೦ರ ದಶಕದ ಆರಂಭದಲ್ಲಿ ಅಂಕೋಲಾ ಮತ್ತು ಸಿದ್ದಾಪುರ ಸೀಮೆಗಳಲ್ಲಿ ನಡೆದ ಕರನಿರಾಕರಣೆಯ ಹಿಂದೆಯೂ ಕಂದಾಯದ ಪ್ರಶ್ನೆಯಿತ್ತು.

ಇದಕ್ಕೆ ಎದುರಾಗಿ ನಿಲ್ಲುವ ಶಬ್ದ ‘ವಂತಿಗೆ’. ‘ವಂತು’ ಎಂದರೆ ಪಾಲು, ಸರದಿ. ಊರಹಬ್ಬಕ್ಕೆ, ಕೆರೆಯ ಕೋಡಿಯ ದುರಸ್ತಿಗೆ, ಬಯಲಾಟಕ್ಕೆ, ಅನಾಥ ಶವದ ಸಂಸ್ಕಾರಕ್ಕೆ ಮನೆಗಿಷ್ಟು ಎಂದು ಎತ್ತುವ ಹಣ ವಂತಿಗೆ. ಉತ್ತರ ಕರ್ನಾಟಕದಲ್ಲಿ ಇದನ್ನೇ ‘ಪಟ್ಟಿ ಎತ್ತುವುದು’ ಎನ್ನುತ್ತಾರೆ. ವಂತಿಗೆಯೂ ಒಂದು ಅರ್ಥದಲ್ಲಿ ಕಡ್ಡಾಯವೇ. ಕೊಡದವನ ಮನೆಗೆ ಊರವರು ಬೆಂಕಿ ನೀರು ಕೊಡದೆ ಹೋದ ಕಾಲವೂ ಇತ್ತು. ಆದರೂ ಅದನ್ನು ಯಾರೂ ತೆರಿಗೆ ಎಂದು ಕರೆಯಲಿಲ್ಲ. ಹೀಗಾಗಿ ಕಡ್ಡಾಯವೇ ಎರಡಕ್ಕೂ ಇರುವ ವ್ಯತ್ಯಾಸ ಎಂದು ಹೇಳಲು ಬರುವುದಿಲ್ಲ. ವಂತಿಗೆಯ ಹಣ ಎಲ್ಲಿಗೆ ಹೋಯಿತೆಂಬುದು ಊರಿನ ಕಣ್ಣಿಗೆ ಕಾಣುತ್ತದೆ. ತೆರಿಗೆಯ ಹಣ ಕಾಣುವುದಿಲ್ಲ. ವೃದ್ಧಾಪ್ಯ ವೇತನ, ಆರೋಗ್ಯ ಯೋಜನೆಗಳ ಬಗೆಗಿನ ಜನಾಭಿಪ್ರಾಯದ ಬಹುಪಾಲು ಗೊಂದಲ ಈ ಎರಡು ಶಬ್ದಗಳ ನಡುವಿನ ಜಾಗದಲ್ಲಿಯೇ ಹುಟ್ಟುತ್ತದೆ.

ಪ್ರಭುತ್ವವು ನಿರಾಧಾರರಿಗೆ ಪೋಷಣೆ ಒದಗಿಸುವುದು ನಮ್ಮಲ್ಲಿ ಇಂದಿನ ಕಲ್ಪನೆಯಲ್ಲ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಯನ್ನು ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆದಿವೆ. ಒಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರುವ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು ಗಂಗ ಅರಸು ಎರೆಯಪ್ಪನ ಕಾಲದ್ದು. ನಾಗತ್ತರನು ಕಾದಿ ಮಡಿದ ಮೇಲೆ ಅರಸನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು-ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿಯನ್ನು ಅದು ದಾಖಲಿಸುತ್ತದೆ. ಪ್ರಾಣವನ್ನು ತೆತ್ತವನ ವಂಶಕ್ಕೆ ಊರುಗಳ ಉತ್ಪನ್ನವನ್ನು ವಹಿಸಿಕೊಡುವ ಈ ಕ್ರಮದಲ್ಲಿ ಇಂದಿನ ಕುಟುಂಬ ಪಿಂಚಣಿಯ ದೂರದ ಛಾಯೆಯನ್ನು ಕಾಣಬಹುದು. ಆದರೆ ಆ ಉತ್ಪನ್ನ ಬರುತ್ತಿದ್ದುದು ಆ ಊರುಗಳ ರೈತರ ದುಡಿಮೆಯಿಂದ ಎಂಬುದನ್ನು ವೀರಗಲ್ಲು ಹೇಳುವುದಿಲ್ಲ. ಕೊಟ್ಟವನೆಂದು ಕಲ್ಲಿನಲ್ಲಿ ಉಳಿದ ಹೆಸರು ಅರಸನದು. ತೆರಿಗೆಯಿಂದ ನಡೆಯುವ ಪೋಷಣೆಯ ಕೀರ್ತಿ ತೆರಿಗೆ ಕೊಟ್ಟವನಿಗಲ್ಲದೆ ಹಂಚಿದವನಿಗೆ ಸಲ್ಲುವ ಈ ವಾಡಿಕೆ ಬಹಳ ಹಳೆಯದು.

ಗ್ರಾಮದ ಮಟ್ಟದಲ್ಲಿ ಇದ್ದ ವ್ಯವಸ್ಥೆ ಬೇರೆ ತೆರನಾದುದು. ಹನ್ನೆರಡು ಆಯಗಾರರ ಪದ್ಧತಿಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ನೀರುಗಂಟಿ, ತಳವಾರ, ತೋಟಿ ಮೊದಲಾದವರಿಗೆ ದಿನಗೂಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿ ಅಳೆಯುವಾಗ ಅವರವರ ಪಾಲಿನ ‘ಆಯ’ ಸಲ್ಲುತ್ತಿತ್ತು. ರಾಶಿ ಮನೆಗೆ ಹೋಗುವ ಮೊದಲು ಕಣದಲ್ಲಿಯೇ ಆಯ ಹೊರಡಬೇಕು ಎಂಬುದು ನಿಯಮ. ಮನೆಗೆ ಹೋದ ಕಾಳಿನಲ್ಲಿ ಕೊಟ್ಟರೆ ಅದು ಭಿಕ್ಷೆ, ಕಣದಲ್ಲಿ ಕೊಟ್ಟರೆ ಅದು ಪಾಲು. ಈ ಸೂಕ್ಷ್ಮ ಭೇದವನ್ನು ಹಳ್ಳಿಯ ಜನ ಬಹಳ ಸ್ಪಷ್ಟವಾಗಿ ಬಲ್ಲವರಾಗಿದ್ದರು. ಆಯವು ಮನೆತನಕ್ಕೆ ಸೇರಿದ್ದರಿಂದ ಕಮ್ಮಾರನಿಗೆ ಮುಪ್ಪು ಬಂದು ಸುತ್ತಿಗೆ ಕೈಜಾರಿದರೂ ಕುಲುಮೆ ನಡೆಸುವ ಮಗನ ಮೂಲಕ ಆ ಮನೆಯ ಕಾಳು ನಿಲ್ಲುತ್ತಿರಲಿಲ್ಲ. ವೃದ್ಧಾಪ್ಯಕ್ಕೆಂದು ಬೇರೆ ಏರ್ಪಾಡಿರಲಿಲ್ಲ. ಮನೆತನದ ಪಾಲೇ ಮುಪ್ಪಿನ ಪಾಲೂ ಆಗಿತ್ತು.

ಈ ವ್ಯವಸ್ಥೆಯನ್ನು ಸುವರ್ಣಯುಗವೆಂಬಂತೆ ಚಿತ್ರಿಸುವ ಪ್ರವೃತ್ತಿ ನಮ್ಮ ಕೆಲವು ಜಾನಪದ ಬರಹಗಳಲ್ಲಿದೆ. ಅದನ್ನು ಒಪ್ಪಲಾಗದು. ಗೌಡ ಶಾನುಭೋಗರ ಪಾಲಿಗೂ ತೋಟಿಯ ಪಾಲಿಗೂ ಇದ್ದ ಅಂತರ ಕಾಳಿನ ಅಳತೆಯದಷ್ಟೇ ಆಗಿರಲಿಲ್ಲ. ಒಬ್ಬನು ರಾಶಿಯ ಮುಂದೆ ಕೂತು ಪಡೆದರೆ ಇನ್ನೊಬ್ಬನು ದೂರ ನಿಂತು ಕಣ ಗುಡಿಸಿದ ಉಳಿಕೆಯನ್ನು ಪಡೆಯುತ್ತಿದ್ದ. ಹುಟ್ಟಿನಿಂದ ಬಂದ ಕೆಲಸವನ್ನು ಬಿಡುವಂತಿರಲಿಲ್ಲ. ೧೯೬೧ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕೊನೆಗೊಳಿಸಿದ್ದು ಈ ದೃಷ್ಟಿಯಿಂದ ಬಿಡುಗಡೆಯೇ ಸರಿ. ಆದರೆ ಬಿಟ್ಟಿಯೊಂದಿಗೆ ಆಯವೂ ಹೋಯಿತು. ಜಾತಿಯ ಕಟ್ಟಿನಿಂದ ಹೊರಬಂದ ದುಡಿಮೆಗಾರನಿಗೆ ಕೂಲಿ ಸಿಕ್ಕಿತು. ಕೂಲಿ ಮಾಡಲಾಗದ ವಯಸ್ಸಿಗೆ ಏನು ಎಂಬುದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಆ ಉತ್ತರವನ್ನು ಜನಪದ ಕಥೆಗಳು ಮಕ್ಕಳಲ್ಲಿ ಹುಡುಕಿದವು. ಮುದಿ ತಂದೆಗೆ ಕರಟದಲ್ಲಿ ಅಂಬಲಿ ಹಾಕುತ್ತಿದ್ದ ಮಗ, ತಾತ ಸತ್ತ ಮೇಲೆ ಆ ಕರಟವನ್ನು ಎತ್ತಿಟ್ಟುಕೊಂಡ ಮೊಮ್ಮಗ, ‘ಅಪ್ಪಾ, ನಿನಗೆ ಬೇಕಾಗುತ್ತದೆ’ ಎಂಬ ಅವನ ಮಾತು, ಇವು ಕನ್ನಡದ ಕೇಳುಗರಿಗೆ ಚಿರಪರಿಚಿತ. ಕಥಾವರ್ಗಗಳ ಅಂತಾರಾಷ್ಟ್ರೀಯ ಸೂಚಿಯಲ್ಲಿ ೯೮೦ನೆಯ ವರ್ಗಕ್ಕೆ ಸೇರುವ ಈ ಕಥೆ ಯುರೋಪಿನಲ್ಲಿ ಹರಿದ ಕಂಬಳಿಯ ಕಥೆಯಾಗಿ, ಮರದ ಬೋಗುಣಿಯ ಕಥೆಯಾಗಿ ಹರಡಿದೆ. ಎಲ್ಲ ಕಡೆಯೂ ಅದು ಹೇಳುವುದು ಹೆದರಿಕೆಯ ಮೂಲಕ: ಇಂದು ನೀನು ಕೊಟ್ಟುದೇ ನಾಳೆ ನಿನಗೆ ಸಿಗುವುದು. ಇಂಥ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಗಿ ಬಂದುದೇ ಮಕ್ಕಳನ್ನು ನಂಬಿದ ಮುಪ್ಪು ಎಂದೂ ಪೂರ್ತಿ ನಿಶ್ಚಿಂತವಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಹಿಂದೆ ಎಲ್ಲರೂ ತಂದೆತಾಯಿಗಳನ್ನು ನೋಡಿಕೊಳ್ಳುತ್ತಿದ್ದರು, ಈಗ ಸರ್ಕಾರ ಹಣ ಕೊಟ್ಟು ಮಕ್ಕಳನ್ನು ಹಾಳುಮಾಡಿತು ಎಂಬ ಆಕ್ಷೇಪಕ್ಕೆ ಜನಪದರೇ ಕೊಟ್ಟ ಉತ್ತರ ಈ ಕರಟ.

ಇದಕ್ಕಿಂತಲೂ ಹೆಚ್ಚು ಗಮನಕ್ಕೆ ಅರ್ಹವಾದುದು ನಾಲ್ಕು ಕಾಸಿನ ಕಥೆ. ದಿನಕ್ಕೆ ನಾಲ್ಕು ಕಾಸು ದುಡಿಯುವ ಬಡವನನ್ನು ಮಾರುವೇಷದ ಅರಸ ‘ಅದನ್ನು ಏನು ಮಾಡುತ್ತೀಯೆ?’ ಎಂದು ಕೇಳುತ್ತಾನೆ. ಒಂದನ್ನು ಉಣ್ಣುತ್ತೇನೆ, ಒಂದನ್ನು ಹಳೆಯ ಸಾಲಕ್ಕೆ ಕಟ್ಟುತ್ತೇನೆ, ಒಂದನ್ನು ಸಾಲ ಕೊಡುತ್ತೇನೆ, ಒಂದನ್ನು ಧರ್ಮಕ್ಕೆ ಹಾಕುತ್ತೇನೆ ಎಂದು ಅವನ ಉತ್ತರ. ಹಳೆಯ ಸಾಲವೆಂದರೆ ತಂದೆತಾಯಿಗಳು. ಕೊಡುವ ಸಾಲವೆಂದರೆ ಮಕ್ಕಳು. ಮಧ್ಯಯುಗದ ಲ್ಯಾಟಿನ್ ಕಥಾಸಂಗ್ರಹವಾದ ‘ಗೆಸ್ತಾ ರೊಮಾನೋರಮ್’ನಲ್ಲಿ ಫೋಕಸ್ ಎಂಬ ಕಮ್ಮಾರ ತನ್ನ ಎಂಟು ಕಾಸಿಗೆ ಹೇಳುವ ಲೆಕ್ಕವೂ ಬಹುಮಟ್ಟಿಗೆ ಇದೇ. ಅವನು ಎರಡನ್ನು ತಂದೆಗೆ ತೀರಿಸುತ್ತಾನೆ, ಎರಡನ್ನು ಮಗನಿಗೆ ಸಾಲ ಕೊಡುತ್ತಾನೆ, ಎರಡನ್ನು ಹೆಂಡತಿಯ ಮೇಲೆ ಕಳೆಯುತ್ತಾನೆ, ಎರಡನ್ನು ತಾನು ಖರ್ಚು ಮಾಡುತ್ತಾನೆ. ಇಲ್ಲೊಂದು ಸ್ವಾರಸ್ಯವಿದೆ. ಪ್ರಶ್ನೆ ಕೇಳುವವನು ಪ್ರಭು. ಆದರೆ ದುಡಿಯುವವನ ಲೆಕ್ಕದಲ್ಲಿ ಪ್ರಭುವಿಗೆ ಸಲ್ಲುವ ಕಾಸೇ ಇಲ್ಲ. ಮುಪ್ಪು, ಎಳವೆ, ಧರ್ಮ ಮೂರನ್ನೂ ಮನೆಯೇ ನಿರ್ವಹಿಸುವ ಜಗತ್ತಿನಲ್ಲಿ ಅರಸನಿಗೆ ಕೊಡುವುದು ಬದುಕಿನ ಲೆಕ್ಕದೊಳಗೆ ಬರುವ ಸಂಗತಿಯಲ್ಲ, ಅದು ಹೊರಗಿನ ದಂಡ.

ಅರ್ಥಶಾಸ್ತ್ರಜ್ಞರು ಇಂದು ದುಡಿಯುವವರ ಹಣದಿಂದ ಇಂದಿನ ವೃದ್ಧರಿಗೆ ಕೊಡುವ ಪಿಂಚಣಿಯ ಕ್ರಮವನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ನಾಲ್ಕು ಕಾಸಿನ ಕಥೆಯಲ್ಲಿ ಅದು ಅಡಕವಾಗಿಯೇ ಇದೆ. ಯಾರೂ ತನ್ನ ಮುಪ್ಪಿಗೆಂದು ಕಾಸನ್ನು ಕೂಡಿಡುವುದಿಲ್ಲ. ಹಿಂದಿನವರ ಋಣವನ್ನು ತೀರಿಸಿ ಮುಂದಿನವರ ಮೇಲೆ ಋಣವನ್ನು ಹೊರಿಸುತ್ತಾನೆ. ಆಧುನಿಕ ಪ್ರಭುತ್ವ ಮಾಡಿದ್ದು ಇಷ್ಟೇ: ಎರಡನೆಯ, ಮೂರನೆಯ ಮತ್ತು ನಾಲ್ಕನೆಯ ಕಾಸುಗಳಿಂದ ಒಂದಿಷ್ಟಿಷ್ಟನ್ನು ಚಿವುಟಿ ಒಂದೇ ಚೀಲಕ್ಕೆ ಹಾಕಿತು. ಚೀಲಕ್ಕೆ ಬಿದ್ದ ಮೇಲೆ ಯಾವ ಕಾಸು ಯಾರ ಋಣದ್ದೆಂದು ಗುರುತು ಸಿಗುವುದಿಲ್ಲ.

ಚೀಲವನ್ನು ತುಂಬುವ ಬಗೆಯಲ್ಲಿ ಪಶ್ಚಿಮದಲ್ಲಿಯೇ ಎರಡು ಹಾದಿಗಳಿದ್ದವು. ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ, ೧೮೮೯ರಲ್ಲಿ, ಬಂದ ವೃದ್ಧಾಪ್ಯ ವಿಮೆಗೆ ಕಾರ್ಮಿಕನೂ ಮಾಲೀಕನೂ ವಂತಿಗೆ ಕಟ್ಟಬೇಕಿತ್ತು. ಬ್ರಿಟನ್ನಿನಲ್ಲಿ ೧೯೦೮ರ ಕಾಯ್ದೆಯಂತೆ ೭೦ ದಾಟಿದ ಬಡವರಿಗೆ ವಾರಕ್ಕೆ ೫ ಷಿಲಿಂಗ್‌ವರೆಗೆ ಕೊಟ್ಟದ್ದು ಸಂಪೂರ್ಣವಾಗಿ ತೆರಿಗೆಯ ಹಣದಿಂದ. ಫ್ಲೋರಾ ಥಾಮ್ಸನ್ ತಮ್ಮ ‘ಲಾರ್ಕ್ ರೈಸ್’ (೧೯೩೯) ಕೃತಿಯಲ್ಲಿ ಹಳ್ಳಿಯ ವೃದ್ಧರು ಮೊದಲ ಪಿಂಚಣಿ ಪಡೆದ ಸಂದರ್ಭವನ್ನು ವರ್ಣಿಸಿದ್ದಾರೆ. ಅಷ್ಟು ಹಣ ಕೊಡಬೇಕಾದರೆ ಅವನು ದೊಡ್ಡ ಪ್ರಭುವೇ ಆಗಿರಬೇಕೆಂದು ಅವರು ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್‌ನನ್ನು ‘ಲಾರ್ಡ್ ಜಾರ್ಜ್’ ಎಂದು ಕರೆದು ಹರಸಿದರು. ಹಣ ಎಣಿಸಿಕೊಟ್ಟ ಅಂಚೆ ಕಚೇರಿಯ ಹುಡುಗಿಗೆ ಹೂವು, ಸೇಬುಗಳನ್ನು ತಂದುಕೊಟ್ಟರು. ಬೇಗೂರಿನ ಕಲ್ಲಿನಿಂದ ಆಕ್ಸ್‌ಫರ್ಡ್‌ಷೈರಿನ ಹಳ್ಳಿಯವರೆಗೆ ಜನಪದ ಮನಸ್ಸು ಕೊಡುವವನಿಗೊಂದು ಮುಖವನ್ನು ಹುಡುಕುತ್ತದೆ.

ಸ್ವತಂತ್ರ ಭಾರತದ ಸಂವಿಧಾನದ ೪೧ನೆಯ ಅನುಚ್ಛೇದ ವೃದ್ಧಾಪ್ಯ, ಕಾಯಿಲೆ, ಅಂಗವಿಕಲತೆ ಮತ್ತು ನಿರುದ್ಯೋಗದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವನ್ನು ‘ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಒದಗಿಸಬೇಕೆಂದು ಹೇಳುತ್ತದೆ. ೧೯೯೫ರ ಆಗಸ್ಟ್ ೧೫ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಡಿ ೬೫ ದಾಟಿದ ನಿರ್ಗತಿಕರಿಗೆ ತಿಂಗಳಿಗೆ ೭೫ ರೂಪಾಯಿ ನಿಗದಿಯಾಯಿತು. ಸ್ವಂತ ಆದಾಯವಾಗಲಿ ಮನೆಯವರ ಆಸರೆಯಾಗಲಿ ಇಲ್ಲದವರು ಎಂಬುದು ಆಗಿನ ಷರತ್ತು. ೨೦೦೭ರಲ್ಲಿ ಅದು ಇಂದಿರಾ ಗಾಂಧಿ ಹೆಸರಿನ ಯೋಜನೆಯಾಗಿ ಬಡತನದ ರೇಖೆಯ ಕೆಳಗಿನವರಿಗೆಲ್ಲ ವಿಸ್ತರಿಸಿತು. ೨೦೧೧ರಲ್ಲಿ ವಯೋಮಿತಿ ೬೦ಕ್ಕೆ ಇಳಿಯಿತು. ೬೦ರಿಂದ ೭೯ರ ವಯಸ್ಸಿನವರಿಗೆ ಕೇಂದ್ರದ ಪಾಲು ೨೦೦ ರೂಪಾಯಿಯಲ್ಲಿ ನಿಂತದ್ದು ೨೦೨೫ರ ಹೊತ್ತಿಗೂ ಕದಲಿರಲಿಲ್ಲ. ಕರ್ನಾಟಕ ಸರ್ಕಾರ ೨೦೦೭ರಲ್ಲಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮತ್ತು ಅಸಂಘಟಿತ ವಲಯದ ದುಡಿಮೆಗಾರರಲ್ಲಿ ೬೫ ದಾಟಿದವರಿಗೆ ‘ಸಂಧ್ಯಾ ಸುರಕ್ಷಾ’ ಯೋಜನೆಯನ್ನು ತಿಂಗಳಿಗೆ ೪೦೦ ರೂಪಾಯಿಯಂತೆ ಆರಂಭಿಸಿತು. ಅದು ಹಂತಹಂತವಾಗಿ ಏರಿ ೨೦೨೧ರಲ್ಲಿ ೧,೨೦೦ ರೂಪಾಯಿ ಆಯಿತು. ೨೦೧೧ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ೬೦ ದಾಟಿದವರು ಶೇ. ೯.೫ರಷ್ಟಿದ್ದರು, ದೇಶದ ಸರಾಸರಿ ಶೇ. ೮.೬.

ಎರಡು ಯೋಜನೆಗಳ ನಡುವಿನ ವ್ಯತ್ಯಾಸ ಜನಪದ ದೃಷ್ಟಿಯಿಂದ ಮಹತ್ವದ್ದು. ಮೊದಲನೆಯದು ‘ನಿರ್ಗತಿಕ’ ಎಂಬ ಶಬ್ದದ ಮೇಲೆ ನಿಂತಿತ್ತು. ಮಕ್ಕಳಿದ್ದೂ ಅರ್ಜಿ ಹಾಕಿದ ತಾಯಿ ‘ನನ್ನನ್ನು ನೋಡುವವರಿಲ್ಲ’ ಎಂದು ಕಚೇರಿಯ ಮುಂದೆ ಹೇಳಬೇಕಾಗಿತ್ತು. ಅದು ಮಗನಿಗೆ ಊರಿನಲ್ಲಿ ತಲೆತಗ್ಗಿಸುವ ಮಾತಾಗುತ್ತಿತ್ತು. ಕರಟದ ಕಥೆಯ ಅಪ್ಪ ತಾನೆಂದು ಒಪ್ಪಿಕೊಂಡ ಹಾಗೆ. ಎರಡನೆಯದು ಆದಾಯದ ಮಿತಿಯನ್ನು ಇಟ್ಟುಕೊಂಡರೂ ನೇಕಾರ, ಮೀನುಗಾರ, ರೈತ ಎಂದು ದುಡಿಮೆಯ ಹೆಸರು ಹಿಡಿದು ಕರೆಯಿತು. ಪಡೆಯುವವನು ಇಲ್ಲಿ ದಿಕ್ಕಿಲ್ಲದವನಲ್ಲ, ದುಡಿದು ದಣಿದವನು. ಹಳ್ಳಿಯ ಮಾತಿನಲ್ಲಿ ಈ ಹಣಕ್ಕೆ ಬಿದ್ದ ಹೆಸರುಗಳನ್ನು ನೋಡಿದರೆ ಜನ ಯಾವುದನ್ನು ಆರಿಸಿಕೊಂಡರೆಂಬುದು ತಿಳಿಯುತ್ತದೆ. ಉತ್ತರ ಕರ್ನಾಟಕದ ಅಜ್ಜಿಯರ ಬಾಯಲ್ಲಿ ಅದು ‘ಪಗಾರ’. ಹಳೆಯ ಮೈಸೂರಿನ ಕಡೆ ‘ಸಂಬಳ’, ‘ಪಿಂಚಣಿ’. ಪಗಾರವೂ ಸಂಬಳವೂ ದುಡಿಮೆಗೆ ಪ್ರತಿಯಾಗಿ ಬರುವಂಥವು. ಸರ್ಕಾರಿ ಕಡತ ಅವರನ್ನು ‘ಫಲಾನುಭವಿ’ ಎಂದು ಕರೆಯುತ್ತದೆ. ಬೇರೆಯವರು ನೆಟ್ಟ ಮರದ ಫಲವನ್ನು ಕೂತು ಉಣ್ಣುವವರು ಎಂಬ ಧ್ವನಿ ಆ ಶಬ್ದಕ್ಕಿದೆ. ಜನರ ನಾಲಗೆ ಅದನ್ನು ಒಪ್ಪಿಕೊಂಡಿಲ್ಲ.

ತೆರಿಗೆ ಕಟ್ಟುವವರು ನಾವು, ಉಣ್ಣುವವರು ಅವರು ಎಂಬ ಮಾತು ನಗರಗಳ ಸಂಬಳದಾರ ವರ್ಗದಲ್ಲಿ ಆಗಾಗ ಕೇಳಿಬರುತ್ತದೆ. ೨೦೨೨ರಿಂದೀಚೆಗೆ ‘ಉಚಿತ ಕೊಡುಗೆ’ಗಳ ಸುತ್ತ ನಡೆದ ರಾಜಕೀಯ ವಾದದಲ್ಲಿ ಈ ಮಾತು ಇನ್ನಷ್ಟು ಗಟ್ಟಿಯಾಯಿತು. ಆದಾಯ ತೆರಿಗೆಯನ್ನು ಮಾತ್ರ ತೆರಿಗೆಯೆಂದು ತಿಳಿದಾಗ ಹೀಗೆ ತೋರುವುದು ಸಹಜ. ಆದರೆ ಸೋಪು, ಪೇಸ್ಟು, ಬಸ್ಸಿಗೆ ಹಾಕುವ ಡೀಸೆಲು, ಬೀಡಿ ಇವುಗಳ ಬೆಲೆಯೊಳಗೆ ಅಡಗಿರುವ ತೆರಿಗೆಯನ್ನು ಪಿಂಚಣಿ ಪಡೆಯುವ ಅಜ್ಜಿಯೂ ಕೊಡುತ್ತಾಳೆ. ಮೈಸೋಪಿನ ಬಿಲ್ಲೆಯೊಂದಕ್ಕೆ ೨೦೨೫ರ ಸೆಪ್ಟೆಂಬರ್ ೨೨ರವರೆಗೆ ಶೇ. ೧೮ರಷ್ಟು ಸರಕು ಮತ್ತು ಸೇವಾ ತೆರಿಗೆಯಿತ್ತು. ಅಂದಿನಿಂದ ಅದು ಶೇ. ೫ಕ್ಕೆ ಇಳಿಯಿತು. ಅಜ್ಜಿ ಕೊಟ್ಟುದೂ ಸಾಹುಕಾರ ಕೊಟ್ಟುದೂ ಒಂದೇ ದರದಲ್ಲಿ. ಅವಳಿಗೆ ತಾನು ಕೊಟ್ಟೆನೆಂಬುದು ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಕೇಳುವ ಧೈರ್ಯವೂ ಕಡಿಮೆ. ಹಳ್ಳಿಗಳಲ್ಲಿ ಈ ಸತ್ಯವನ್ನು ಬಾಯಿಬಿಟ್ಟು ಹೇಳುವವನು ಕುಡುಕನೊಬ್ಬನೇ. ಅಬಕಾರಿ ಆದಾಯವನ್ನು ನೆನೆದು ‘ಸರ್ಕಾರ ನಡೆಯುವುದೇ ನಮ್ಮಿಂದ’ ಎಂದು ಅವನು ಎದೆತಟ್ಟಿ ಹೇಳುವುದು ನಗೆಯ ಮಾತಾದರೂ ಪರೋಕ್ಷ ತೆರಿಗೆಯ ಬಗ್ಗೆ ನಮ್ಮ ಜನಪದರಲ್ಲಿರುವ ಸ್ಪಷ್ಟ ತಿಳಿವಳಿಕೆ ಸದ್ಯಕ್ಕೆ ಅದೊಂದೇ.

ಸರ್ಕಾರಿ ನೌಕರರ ಪಿಂಚಣಿಯ ಪ್ರಶ್ನೆ ಇದಕ್ಕೆ ಹೊಂದಿಕೊಂಡಿದೆ. ೨೦೦೪ರ ಜನವರಿ ೧ರಿಂದ ಕೇಂದ್ರದಲ್ಲಿ, ೨೦೦೬ರ ಏಪ್ರಿಲ್ ೧ರಿಂದ ಕರ್ನಾಟಕದಲ್ಲಿ ಸೇವೆಗೆ ಸೇರಿದವರಿಗೆ ಖಚಿತ ಪಿಂಚಣಿ ಹೋಗಿ, ವೇತನದ ಶೇ. ೧೦ರಷ್ಟು ವಂತಿಗೆ ಕಟ್ಟುವ, ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟ ಹೊಸ ಪದ್ಧತಿ ಬಂದಿತು. ರಾಜಸ್ಥಾನ, ಹಿಮಾಚಲ ಪ್ರದೇಶದಂಥ ರಾಜ್ಯಗಳು ಹಳೆಯ ಪದ್ಧತಿಗೆ ಮರಳುವ ತೀರ್ಮಾನ ಕೈಗೊಂಡದ್ದು, ಕೇಂದ್ರ ಸರ್ಕಾರ ೨೦೨೫ರ ಏಪ್ರಿಲ್ ೧ರಿಂದ ೨೫ ವರ್ಷ ಸೇವೆ ಪೂರೈಸಿದವರಿಗೆ ಕೊನೆಯ ೧೨ ತಿಂಗಳ ಸರಾಸರಿ ಮೂಲವೇತನದ ಅರ್ಧದಷ್ಟನ್ನು ಖಚಿತಪಡಿಸುವ ಏಕೀಕೃತ ಪಿಂಚಣಿ ಯೋಜನೆ ತಂದದ್ದು ಈ ಅಸಮಾಧಾನದ ಫಲ. ವಂತಿಗೆಯನ್ನು ಇಷ್ಟಪಡುವ ಜನ ಇಲ್ಲಿ ವಂತಿಗೆಯನ್ನೇ ಏಕೆ ವಿರೋಧಿಸಿದರು? ಊರಿನ ವಂತಿಗೆ ಕಣ್ಣೆದುರಿನ ಕೆರೆಯಾಗುತ್ತದೆ. ಷೇರುಪೇಟೆಗೆ ಹೋದ ವಂತಿಗೆ ಯಾರ ಋಣವನ್ನೂ ಹೊತ್ತುಕೊಂಡಿರುವುದಿಲ್ಲ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯ ಅನುಮಾನ ವಿದ್ಯಾವಂತ ನೌಕರನನ್ನೂ ಬಿಟ್ಟಿಲ್ಲ.

ಆರೋಗ್ಯದ ವಿಷಯದಲ್ಲಿ ಜನಪದ ಮನೋಧರ್ಮ ಇನ್ನೂ ತೊಡಕಿನದು. ನಾಟಿವೈದ್ಯರು ಹಣಕ್ಕೆ ಮದ್ದು ಮಾರಿದರೆ ಮದ್ದಿನ ಗುಣ ಹೋಗುತ್ತದೆಂದು ನಂಬಿದವರು. ಎಲೆಯಡಿಕೆ, ತೆಂಗಿನಕಾಯಿ ಅವರ ಗೌರವ. ದೇವರಿಗೆ ಹೇಳಿಕೊಳ್ಳುವ ಹರಕೆಯೂ ವಾಸಿಯಾದ ಮೇಲೆ ತೀರಿಸುವಂಥದು. ಮೊದಲು ಗುಣ, ಆಮೇಲೆ ಕಾಣಿಕೆ, ಇದು ಕ್ರಮ. ವಿಮೆ ಇದನ್ನು ತಲೆಕೆಳಗು ಮಾಡುತ್ತದೆ. ಕಾಯಿಲೆ ಬರುವ ಮೊದಲೇ ಹಣ ಕಟ್ಟಬೇಕು. ಕಾಯಿಲೆ ಬರದಿದ್ದರೆ ‘ಕಟ್ಟಿದ್ದು ದಂಡವಾಯಿತು’ ಎನ್ನುತ್ತಾರೆ. ಇನ್ನು ಕೆಲವರಿಗೆ ಮುಂಚಿತವಾಗಿ ಕಟ್ಟುವುದೇ ಕಾಯಿಲೆಯನ್ನು ಕರೆದಂತೆ.

ಇಂಥ ಹಿನ್ನೆಲೆಯಲ್ಲಿ ಯಶಸ್ವಿನಿ ಯೋಜನೆಗೆ ದೊರೆತ ಸ್ಪಂದನ ವಿಶೇಷವಾದುದು. ೨೦೦೨ರ ನವೆಂಬರಿನಲ್ಲಿ ಉದ್ಘಾಟನೆಗೊಂಡು ೨೦೦೩ರ ಜೂನ್ ೧ರಿಂದ ಜಾರಿಗೆ ಬಂದ ಈ ಯೋಜನೆ ಸಹಕಾರ ಸಂಘಗಳ ರೈತ ಸದಸ್ಯರಿಗೆ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸುವಂಥದು. ಆರಂಭದ ವಂತಿಗೆ ತಿಂಗಳಿಗೆ ೫ ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ ೬೦ ರೂಪಾಯಿ. ಸರ್ಕಾರವೂ ತನ್ನ ಪಾಲನ್ನು ಕೊಟ್ಟಿತು. ಮೊದಲ ವರ್ಷವೇ ಸುಮಾರು ೧೬ ಲಕ್ಷ ಮಂದಿ ಸೇರಿದರು. ಹಾಲಿನ ಡೇರಿ, ಸೇವಾ ಸಹಕಾರ ಸಂಘಗಳು ಊರಿನ ಪಟ್ಟಿ ಎತ್ತುವವರ ಸ್ಥಾನದಲ್ಲಿದ್ದವು. ಹಣ ಕೇಳಿದವನು ಪರಿಚಿತ, ಊರಿನ ಇಂಥವನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತೆಂಬ ಸುದ್ದಿ ಡೇರಿಯ ಬಾಗಿಲಲ್ಲೇ ಸಿಗುತ್ತಿತ್ತು. ತನಗೆ ಕಾಯಿಲೆ ಬಾರದೆ ಹೋದ ವರ್ಷದ ಅರುವತ್ತು ರೂಪಾಯಿ ಯಾರ ಎದೆಗೆ ಸಂದಿತೆಂದು ಕಟ್ಟಿದವನಿಗೆ ಗೊತ್ತಿತ್ತು. ೨೦೧೮ರಲ್ಲಿ ಯಶಸ್ವಿನಿಯನ್ನು ತೆರಿಗೆ ಹಣದಿಂದ ನಡೆಯುವ ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನಗೊಳಿಸಲಾಯಿತು, ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ವಂತಿಗೆಯೇ ಇಲ್ಲದ ಯೋಜನೆ ಬಂದ ಮೇಲೆ ವಂತಿಗೆಯ ಯೋಜನೆಯನ್ನು ಯಾರೂ ಕೇಳಬಾರದಿತ್ತು. ಆದರೆ ಸಹಕಾರಿಗಳಿಂದ ಒತ್ತಾಯ ಬಂದು, ೨೦೨೨-೨೩ರಲ್ಲಿ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ೫೦೦ ರೂಪಾಯಿ ವಂತಿಗೆಯೊಂದಿಗೆ ಯಶಸ್ವಿನಿ ಮರಳಿತು. ಸಂಘದ ಪುಸ್ತಕದಲ್ಲಿ ಹೆಸರು ಬರೆಸಿ ಕಟ್ಟಿದ್ದನ್ನು ಜನ ತಮ್ಮದೆಂದು ಭಾವಿಸಿದ್ದರು. ಈ ಮರಳುವಿಕೆಗೆ ಅದೂ ಒಂದು ಕಾರಣವೆಂದು ಊಹಿಸಬಹುದು.

ವಂತಿಗೆ ಮೇಲು, ತೆರಿಗೆ ಕೀಳು ಎಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. ಸಹಕಾರ ಸಂಘದ ಸದಸ್ಯತ್ವವೇ ಇಲ್ಲದ ಭೂಹೀನನನ್ನು, ಗುಳೆ ಹೋಗುವ ಕುಟುಂಬವನ್ನು ವಂತಿಗೆಯ ಪಟ್ಟಿ ಮುಟ್ಟುವುದಿಲ್ಲ. ಊರೊಟ್ಟಿನಲ್ಲಿ ಕೇರಿಯವರನ್ನು ಹೊರಗಿಟ್ಟ ಚರಿತ್ರೆಯನ್ನು ಮರೆಯಲಾಗದು. ಯಾರ ಪರಿಚಯವನ್ನೂ ಕೇಳದೆ, ಯಾರ ಜಾತಿಯನ್ನೂ ನೋಡದೆ ತಲುಪುವ ಶಕ್ತಿ ಇರುವುದು ಮುಖವಿಲ್ಲದ ತೆರಿಗೆಗೇ. ಹೆಸರು ಹಿಡಿದು ಕೊಡುವ ಹಣದ ವಿಶ್ವಾಸವನ್ನು ಈ ಮುಖವಿಲ್ಲದ ಹಣಕ್ಕೆ ತಂದುಕೊಡುವುದು ಹೇಗೆ ಎಂಬುದು ನಿಜವಾದ ತೊಡಕು.

ಇದಕ್ಕೆ ಜನಪದರಲ್ಲಿ ಒಂದು ಉಪಾಯವಿದೆ: ಮುಡಿಪು. ಅರಿ­ಶಿನದ ಬಟ್ಟೆಯಲ್ಲಿ ನಾಣ್ಯವನ್ನು ಗಂಟುಹಾಕಿ ದೇವರ ಹೆಸರಿನಲ್ಲಿ ಎತ್ತಿಟ್ಟರೆ ಎಂಥ ಬಡತನದಲ್ಲಿಯೂ ಆ ಗಂಟನ್ನು ಬಿಚ್ಚುವುದಿಲ್ಲ. ಇತ್ತೀಚಿನ ದಶಕಗಳಲ್ಲಿ ಸರ್ಕಾರಗಳು ವಿಧಿಸಿರುವ ಉಪಕರಗಳು ಅಥವಾ ಸೆಸ್‌ಗಳು ಈ ಮುಡಿಪಿನ ಆಧುನಿಕ ರೂಪಗಳು. ೧೯೭೬ರ ಕಾಯ್ದೆಯಂತೆ ಬೀಡಿಯ ಮೇಲೆ ವಿಧಿಸಿದ ಉಪಕರದಿಂದ ಬೀಡಿ ಕಟ್ಟುವವರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ನಡೆದವು. ಕರಾವಳಿಯ ಬೀಡಿ ಕಾರ್ಮಿಕ ಮಹಿಳೆಯರಿಗೆ ಅದು ತಾವು ಕಟ್ಟಿದ ಬೀಡಿಯಿಂದಲೇ ಬಂದ ಹಕ್ಕಾಗಿತ್ತು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಉಪಕರ ರದ್ದಾಯಿತು. ಕಲ್ಯಾಣ ಕಾರ್ಯಗಳು ಸಾಮಾನ್ಯ ಬೊಕ್ಕಸದ ಅನುದಾನವನ್ನು ಅವಲಂಬಿಸಬೇಕಾಯಿತು. ಗಂಟು ಬಿಚ್ಚಿ ಚೀಲಕ್ಕೆ ಸುರಿದಂತಾಯಿತು. ೧೯೯೬ರ ಕಾಯ್ದೆಗಳು ಕಟ್ಟಡ ವೆಚ್ಚದ ಮೇಲೆ ಶೇ. ೧ರ ಉಪಕರವನ್ನು ಕಟ್ಟಡ ಕಾರ್ಮಿಕರಿಗಾಗಿ ತಂದವು. ೨೦೧೮ರಿಂದ ಆದಾಯ ತೆರಿಗೆಯ ಮೇಲೆ ಶೇ. ೪ರ ಆರೋಗ್ಯ ಮತ್ತು ಶಿಕ್ಷಣ ಉಪಕರವಿದೆ. ಕರ್ನಾಟಕ ೨೦೨೫ರಲ್ಲಿ ಆ್ಯಪ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ, ಅವರಿಗೆ ಕಂಪನಿಗಳು ಕೊಡುವ ಹಣದ ಶೇ. ೧ರಿಂದ ೫ರವರೆಗೆ ಕಲ್ಯಾಣ ಶುಲ್ಕ ವಿಧಿಸುವ ಕಾಯ್ದೆಯನ್ನು ಮಾಡಿತು. ಮನೆಬಾಗಿಲಿಗೆ ಊಟ ತಂದುಕೊಡುವ ಹುಡುಗನಿಗೆ ಪ್ರತಿಯೊಂದು ದುಡಿಮೆಯಲ್ಲಿಯೇ ಪಾಲು ಎತ್ತಿಡುವ ಈ ಕ್ರಮ, ತಿಳಿದೋ ತಿಳಿಯದೆಯೋ, ರಾಶಿ ಮನೆಗೆ ಹೋಗುವ ಮುಂಚೆ ಕಣದಲ್ಲೇ ಆಯ ತೆಗೆಯುವ ಕ್ರಮವನ್ನು ಹೋಲುತ್ತದೆ.

ಮುಡಿಪು ಕಟ್ಟಿದರೆ ಸಾಲದು, ಅದು ಸಲ್ಲಬೇಕಾದಲ್ಲಿಗೆ ಸಲ್ಲಬೇಕು. ಕಟ್ಟಡ ಕಾರ್ಮಿಕರ ಉಪಕರದ ಹಣ ರಾಜ್ಯಗಳಲ್ಲಿ ಖರ್ಚಾಗದೆ ಬಿದ್ದಿರುವುದನ್ನು ಸರ್ವೋಚ್ಚ ನ್ಯಾಯಾಲಯ ೨೦೧೮ರ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ‘ಹೊಳೆಗೆ ಸುರಿದರೂ ಅಳೆದು ಸುರಿ’ ಎಂಬ ಗಾದೆ ತೆರಿಗೆಯನ್ನು ವಿರೋಧಿಸುವವನ ಮಾತಲ್ಲ. ಸುರಿಯಲು ಸಿದ್ಧನಾದವನು ಅಳತೆಯನ್ನು ಕೇಳುವ ಮಾತು. ಕಣದಲ್ಲಿ ಅಳತೆ ಎಲ್ಲರೆದುರು ನಡೆಯುತ್ತಿತ್ತು, ಕೊಳಗದ ಎಣಿಕೆಯನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು.

ಜಾನಪದ ಕ್ಷೇತ್ರಕ್ಕೆ ಈ ಪ್ರಶ್ನೆ ಹೊರಗಿನದೇನೂ ಅಲ್ಲ. ವಯಸ್ಸಾದ ಕಲಾವಿದರಿಗೆ ಸರ್ಕಾರ ಕೊಡುವ ನೆರವಿಗೆ ‘ಮಾಸಾಶನ’ ಎಂದು ಹೆಸರು. ಅಶನವೆಂದರೆ ಅನ್ನ, ತಿಂಗಳ ಅನ್ನ. ಎತ್ತನ್ನೇರಿ ಊರೂರು ಸುತ್ತಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುತ್ತಿದ್ದ ಹೆಳವರು ಇಂದು ಈ ನೆರವನ್ನು ಬಯಸುವವರಲ್ಲಿ ಸೇರಿದ್ದಾರೆ. ಅವರು ಮನೆಯ ಮುಂದೆ ನಿಂತು ಏಳು ತಲೆಮಾರಿನ ಹೆಸರು ಹೇಳಿದ ಮೇಲೆ ಕೊಡುತ್ತಿದ್ದ ಕಾಳು, ಕುರಿಮರಿ, ಪಾತ್ರೆಗಳನ್ನು ಕೊಟ್ಟ ಒಕ್ಕಲಾಗಲಿ ಪಡೆದ ಹೆಳವನಾಗಲಿ ಭಿಕ್ಷೆಯೆಂದು ಎಣಿಸಲಿಲ್ಲ. ಇಂಥ ಮನೆಗಳು ಇಂಥ ಹೆಳವನವು ಎಂದು ಹಂಚಿಕೆಯಾಗಿದ್ದವು. ಆ ಮನೆಗಳ ಮೇಲೆ ಅವನಿಗೆ ಹಕ್ಕಿತ್ತು. ಈಗ ಅದೇ ಹೆಳವ ತಾನು ಕಲಾವಿದನೆಂಬುದಕ್ಕೆ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಆದಾಯದ ದೃಢೀಕರಣಗಳನ್ನು ಲಗತ್ತಿಸಿ ಅರ್ಜಿ ಸಲ್ಲಿಸುತ್ತಾನೆ. ನೂರಾರು ಮನೆತನಗಳ ಹುಟ್ಟು ಸಾವುಗಳನ್ನು ಕಂಠದಲ್ಲಿಟ್ಟುಕೊಂಡವನ ಸ್ವಂತ ಹುಟ್ಟಿದ ದಿನ ಅನೇಕ ವೇಳೆ ಎಲ್ಲಿಯೂ ದಾಖಲಾಗಿರುವುದಿಲ್ಲ.